ಕಾಶಿರಾಮನ ಖಾತೆಗೆ ಬಿದ್ದ ಬೀಗ

ಬಸವಕಲ್ಯಾಣದಲ್ಲಿ ಕಿಲ್ಲೆಯ ಕಡೆ ಹೋಗುವ ಓಣಿಯಲ್ಲಿ ಹಗ್ಗದ ಅಂಗಡಿ ಇಟ್ಟಿದ್ದ ಕಾಶಿರಾಮನಿಗೆ ಚೆಕ್ ಪುಸ್ತಕ ಒಂದನ್ನು ಬಿಟ್ಟರೆ ಬೇರೆ ದುಶ್ಚಟ ಇರಲಿಲ್ಲ. ಬೀಡಿ ಸೇದುವವರು ಬೀಡಿಗಾಗಿ ಕಿಸೆ ತಡಕುವಂತೆ ಅವನು ಗಳಿಗೆಗೊಮ್ಮೆ ಎದೆಯ ಕಿಸೆ ತಡಕಿ, ಪುಸ್ತಕ ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಪುಸ್ತಕದ ನೀಲಿ ತಲೆ ಊರಿಗೆ ಕಾಣಲಿ ಎಂದು ದರ್ಜಿಗೆ ಹೇಳಿ ಕಿಸೆಯನ್ನೇ ಒಂದು ಬೆರಳು ಗಿಡ್ಡ ಹೊಲಿಸಿದ್ದ. ಮೂಗುದಾರ, ಕಣ್ಣಿ, ಬಾರುಕೋಲು ಮಾರುವ ಆ ಓಣಿಯಲ್ಲಿ ದುಡ್ಡೆಂದರೆ ಧೋತರದ ಗಂಟಿನಲ್ಲಿ ಇರತಕ್ಕದ್ದು. ಇಲ್ಲಿ ಒಂದು ಕಾಗದ ಹರಿದುಕೊಟ್ಟರೆ ಅಲ್ಲಿ ಹುಮನಾಬಾದಿನಲ್ಲಿ ಯಾರೋ ಕೂತು ದುಡ್ಡು ಎಣಿಸಿಕೊಡುತ್ತಾರೆ ಎಂಬುದು ಓಣಿಯ ಪಾಲಿಗೆ ಪುರಾಣಕ್ಕಿಂತ ಒಂದು ಕೈ ಮೇಲು.

ಖಾತೆ ಹುಮನಾಬಾದಿನಲ್ಲೇ ಏಕೆಂದರೆ, ಅಲ್ಲಿಯ ಬ್ಯಾಂಕೊಂದರಲ್ಲಿ ಅವನ ಹೆಂಡತಿ ಶೇವಂತಾಬಾಯಿಯ ತಮ್ಮ ಹಣಮಂತ ಪ್ಯೂನ್ ಆಗಿದ್ದ. ಬ್ಯಾಂಕನ್ನು ಸರ್ಕಾರ ವಶಪಡಿಸಿಕೊಂಡು ಏಳು ವರ್ಷ ಆಗಿತ್ತಾದರೂ, ಅದು ಹಣಮಂತನ ವಶದಲ್ಲಿದೆ ಎಂದೇ ಕಾಶಿರಾಮನ ಮನೆಯವರ ನಂಬಿಕೆ. ಹನ್ನೊಂದು ವರ್ಷ ಹಗ್ಗ ಹೊಸೆದು, ಹೊಟ್ಟೆ ಬಿಗಿದು ಕಾಶಿರಾಮ ಅಲ್ಲಿ ಮೂರು ಸಾವಿರದ ಇನ್ನೂರ ನಲವತ್ತು ರೂಪಾಯಿ ಕೂಡಿಸಿದ್ದ.

ಆ ದುಡ್ಡಿಗೆ ಈಗ ಕೆಲಸ ಬಂದಿತ್ತು. ಟ್ರ್ಯಾಕ್ಟರುಗಳಿಗೆ ಮೂಗುದಾರ ಬೇಡ. ಊರಿಗೆ ನಾಲ್ಕು ಟ್ರ್ಯಾಕ್ಟರ್ ಬಂದಮೇಲೆ ಹಗ್ಗದ ವ್ಯಾಪಾರ ಎಳೆದಷ್ಟೂ ಉದ್ದವಾಗುತ್ತಿತ್ತೇ ಹೊರತು ಗಟ್ಟಿಯಾಗುತ್ತಿರಲಿಲ್ಲ. ಅಷ್ಟರಲ್ಲಿ ಓಣಿಯ ತುದಿಯ ಹಿಟ್ಟಿನ ಗಿರಣಿಯ ಪೀರ್ ಪಾಷಾ, ಹೈದರಾಬಾದಿನ ಮಗನ ಮನೆಗೆ ಹೋಗುವವನು, ಗಿರಣಿಯನ್ನು ಮೋಟಾರು, ಕಲ್ಲು, ತಕ್ಕಡಿ ಸಮೇತ ಮೂರು ಸಾವಿರಕ್ಕೆ ಮಾರಲು ಹೊರಟ. ಅರಿವೆ ಅಂಗಡಿಯ ಬಸವಣಪ್ಪ ಅದರ ಮೇಲೆ ಕಣ್ಣಿಟ್ಟಿದ್ದ. ಅವನು ಕಣ್ಣಿಟ್ಟು ನೋಡುತ್ತಿರುವಾಗಲೇ ಕಾಶಿರಾಮ ಓಣಿಯ ಹತ್ತು ಮಂದಿಯ ಎದುರು ಚೆಕ್ ಪುಸ್ತಕ ಹೊರತೆಗೆದು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ, ಎರಡು ಮೊಳದ ಸಹಿ ಮಾಡಿ, ಚೆಕ್ಕನ್ನು ಚರ್ರೆಂದು ಹರಿದು ಪೀರ್ ಪಾಷಾನ ಕೈಗಿಟ್ಟ. ಎಮರ್ಜೆನ್ಸಿಯ ಎರಡನೆಯ ವರ್ಷದ ಒಂದು ಶುಕ್ರವಾರ ಅದು.

ಸೋಮವಾರ ಸಂಜೆ ಪೀರ್ ಪಾಷಾ ಅದೇ ಚೆಕ್ಕನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ.

"ಕಾಶಿರಾಮ್ ಭಾಯ್, ಈ ಕಾಗದ ಹುಮನಾಬಾದಕ್ಕ ಹೋಗಿ ಬಂತು. ನಾನೂ ಹೋಗಿ ಬಂದೆ. ರೊಕ್ಕ ಮಾತ್ರ ಬರ್ಲಿಲ್ಲ."

"ಯಾಕ ಚಾಚಾ?"

"ನಿಮ್ಮ ಹಣಮಂತ ಬಾಗಲದಾಗೇ ಇಸ್ಕೊಂಡ. ಒಳಗ ಒಯ್ದ, ಹೊರಗ ತಂದ. ಖಾತಾ ಬಂದ್ ಆಗ್ಯಾದ ಅಂದ. ಯಾಕಪ್ಪಾ ಅಂದೆ. ಹೇಳಾಂಗಿಲ್ಲ ಅಂದ. ಅವನ ಮಾರಿ ನೋಡಿ ನನಗೇ ಕೆಟ್ಟ ಅನಿಸ್ತು, ಒಂದು ಚಾ ಕುಡಿಸಿ ಬಂದೆ."

ಕಾಶಿರಾಮ ಚೆಕ್ಕನ್ನು ತಿರುಗಿಸಿ ನೋಡಿದ. ಹಿಂದೆ ಮುಂದೆ ಎಲ್ಲಿಯೂ ಕಾರಣ ಬರೆದಿರಲಿಲ್ಲ.

"ಶುಕ್ರವಾರದ ಜುಮ್ಮಾ ತನಕ ಕಾಯ್ತೀನಿ," ಎಂದ ಪೀರ್ ಪಾಷಾ. "ನಮಾಜ್ ಮುಗಿಸ್ಕೊಂಡ್ ಬರೂದ್ರಾಗ ರೊಕ್ಕ ಇದ್ರ ಗಿರಣಿ ನಿಂದು. ಇಲ್ಲಂದ್ರ ಬಸವಣಪ್ಪ ಸೇಠ್‌ಗ ಕೊಟ್ಟು ಬಸ್ ಹತ್ತತೀನಿ. ನಾರಾಜ್ ಆಗಬ್ಯಾಡ."

ಮರುದಿನ ಕಾಶಿರಾಮ ಮೊದಲ ಬಸ್ಸಿಗೇ ಹೊರಟ. ಬ್ಯಾಂಕಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದನೋ ಇಲ್ಲವೋ, ಒಳಗೆ ಸ್ಟೂಲಿನ ಮೇಲೆ ಕೂತಿದ್ದ ಹಣಮಂತ ಹಾವು ತುಳಿದವನಂತೆ ಜಿಗಿದು ಬಂದು, ಭಾವನ ತೋಳು ಹಿಡಿದು, ಎಳೆದುಕೊಂಡು ಹೋಗಿ ಹಿಂದಿನ ಬೇವಿನ ಮರದ ಮರೆಗೆ ನಿಲ್ಲಿಸಿದ.

"ಒಳಗ ಬರಬ್ಯಾಡ್ರಿ ಮಾಮಾ. ನಿಮ್ಮನ್ನ ನೋಡಿದ್ರ ಮ್ಯಾನೇಜರ್ ಸಾಹೇಬ್ರ ಎದಿ ಒಡೀತದ."

"ಅಷ್ಟು ದೊಡ್ಡ ಕೇಸೇನೋ?"

"ಇದಕ್ಕಿಂತ ದೊಡ್ಡದು ಇಲ್ರಿ. ಆದ್ರ ಎಲ್ಲಾರಿಗೂ ಒಮ್ಮೆ ಆಗೂದೇ ಅದು."

"ನನ್ನ ಖಾತಾ ಬಂದ್ ಮಾಡಾಕ ಆರ್ಡರ್ ಎಲ್ಲಿಂದ ಬಂದದ?"

"ಮ್ಯಾಲಿಂದ."

"ಮ್ಯಾಲಿಂದ ಅಂದ್ರ ಹುಬ್ಬಳ್ಳಿ ದೊಡ್ಡ ಆಫೀಸೋ, ದಿಲ್ಲಿಯೋ?"

ಹಣಮಂತ ಬೇವಿನ ಮರದ ತುದಿ ನೋಡಿದ. "ಇನ್ನೂ ಮ್ಯಾಲಿಂದ್ರಿ," ಎಂದ. ಕಣ್ಣಲ್ಲಿ ನೀರು ತುಂಬಿತ್ತು. "ಯಾವತ್ತಿನಿಂದ?" ಎಂದು ಕೇಳಿದ್ದಕ್ಕೆ "ಪಂಚಮಿ ಆಗಿ ಮೂರು ದಿನಕ್ಕ" ಎಂದಷ್ಟೇ ಹೇಳಿ, ಒಳಗೆ ಗಂಟೆ ಬಾರಿಸಿದ್ದೇ ನೆಪವಾಗಿ ಓಡಿಹೋದ.

ದಿಲ್ಲಿಗಿಂತ ಮೇಲೆ ಏನಿದೆ ಎಂದು ಕಾಶಿರಾಮ ಊರಿನ ತಿರುವಾದ ಸಸ್ತಾಪುರ ಬಂಗಲೆಯ ತನಕ ಬಸ್ಸಿನಲ್ಲಿ ಯೋಚಿಸಿದ. ಹಿಮಾಲಯ ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

ಅವನು ಇಳಿಯುವ ಹೊತ್ತಿಗೆ ಓಣಿಗೆ ಎಲ್ಲ ಹೊಳೆದುಬಿಟ್ಟಿತ್ತು. ಬಸವಣಪ್ಪ ತನ್ನ ಅಂಗಡಿಯ ಗಾದಿಯ ಮೇಲೆ ಕೂತು, ಗಜಕಡ್ಡಿಯಿಂದ ಗಾಳಿಯನ್ನು ಅಳೆಯುತ್ತ, ಲೆಕ್ಕ ಬಿಡಿಸುತ್ತಿದ್ದ.

"ಮೂರು ಸಾವಿರ ಇಟ್ಟವನ ಖಾತಾ ಸರಕಾರ ಯಾಕ ಹಿಡೀತದ? ತಲಿ ಕೆಟ್ಟದೇನು ಸರಕಾರದ್ದು? ಬೊಂಬಾಯಿದಾಗ ಯಾರ್ದು ಹಿಡ್ಯಾಕತ್ತಾರ, ಪೇಪರ್ ಓದ್ರಿ. ಬಂಗಾರ ಸಾಗಿಸೋರ್ದು. ಈ ಕಾಶಿರಾಮಂದು ಮೂವತ್ತು ಸಾವಿರಕ್ಕ ಕಡಿಮಿ ಇಲ್ಲ."

ಮೂವತ್ತು ಸಾವಿರ ನೀರು ತರುವ ಹೆಂಗಸರ ಬಾಯಿಗೆ ಬಿದ್ದು ಸಂಜೆಯ ಹೊತ್ತಿಗೆ ಮೂರು ಲಕ್ಷವಾಗಿತ್ತು. ಪಕ್ಕದ ಮನೆಯ ಸರುಬಾಯಿ, ಹಿಂದಿನ ವಾರವಷ್ಟೇ ಕಾಶಿರಾಮನ ಮನೆಗೆ ಒಂದು ಬಟ್ಟಲು ಸಕ್ಕರೆ ಕಡ ಕೊಟ್ಟು ಮೂರು ಸಲ ಕೇಳಿಸಿದ್ದವಳು, ಈಗ ತಾನಾಗಿ ಇನ್ನೊಂದು ಬಟ್ಟಲು ತಂದು ಶೇವಂತಾಬಾಯಿಯ ಮುಂದಿಟ್ಟಳು.

"ಇರ್ಲಿ ಬಿಡವಾ, ತಿರುಗಿ ಕೊಡಬ್ಯಾಡ. ಹಗ್ಗದಾಗ ಬಂಗಾರದ ಎಳಿ ಸೇರ್ಸಿ ಹೊಸೀತಾರಂತಲ್ಲ, ಖರೇ ಏನ?"

"ಹಗ್ಗದಾಗ ಸೇರ್ಸಾಕ ನಾರೇ ಸಿಗವಲ್ದು ಸರೂ," ಎಂದಳು ಶೇವಂತಾಬಾಯಿ.

"ಹೂಂ ಹೂಂ, ಹಿಂಗೇ ಅನ್ಬೇಕು," ಎಂದು ಸರುಬಾಯಿ ಕಣ್ಣು ಮಿಟುಕಿಸಿ ಹೋದಳು.

ಬುಧವಾರ ಠಾಣೆಯ ಜಮಾದಾರರು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತರು. ಅವರ ಮನೆಯಲ್ಲಿ ದನ ಇಲ್ಲ, ಆದರೂ ಒಂದು ಗಂಟೆ ಕೂತು ಎಲ್ಲ ಹಗ್ಗವನ್ನೂ ಬಿಚ್ಚಿಸಿ, ಒಳಗೆ ಏನಿದೆ ಎಂದು ಹಿಂಜಿ ನೋಡಿ, ಕೊನೆಗೆ ಒಂದು ಮೂಗುದಾರ ಕೊಂಡು ಕಾಸು ಕೊಡದೆ ಹೋದರು. ಅವರ ಹಿಂದೆಯೇ ಗಣಪತಿ ಚಂದಾದ ಕಮಿಟಿ ಬಂತು. ಹೋದ ವರ್ಷ ನಾಲ್ಕಾಣೆ ಕೊಟ್ಟವನ ಹೆಸರನ್ನು ಪಟ್ಟಿಯ ತಲೆಯಲ್ಲಿ ಹಾಕಿ, ಮುಂದೆ ಐನೂರಾ ಒಂದು ಎಂದು ಅವರೇ ಬರೆದುಕೊಂಡಿದ್ದರು. ಹೋಟೆಲಿನಲ್ಲಿ ಅವನ ಚಹಕ್ಕೆ ಹಾಲು ಹೆಚ್ಚಾಯಿತು. ಅವನು ಬಂದರೆ ಎದ್ದು ನಿಲ್ಲುವವರೂ ಹುಟ್ಟಿಕೊಂಡರು.

ಕಾಶಿರಾಮ ಮೊದಲು "ಅಂಥಾದ್ದೇನಿಲ್ರಿ" ಎಂದ. ಯಾರೂ ನಂಬಲಿಲ್ಲ. ನಾಲ್ಕನೆಯ ಸಲ "ಅಂಥಾದ್ದೇನಿಲ್ರಿ" ಎನ್ನುವಾಗ ಅವನ ದನಿಯಲ್ಲಿ, ಏನೋ ಇದ್ದವರು ಇಲ್ಲ ಎನ್ನುವಾಗ ಬರುವ ಗತ್ತು ತಾನಾಗಿ ಬಂದುಬಿಟ್ಟಿತ್ತು. ಬಿದ್ದ ಬೀಗಕ್ಕಿಂತ ಏರಿದ ಬಿಗುಮಾನ ದೊಡ್ಡದು. ಆದರೆ ಬಿಗುಮಾನಕ್ಕೆ ಹಿಟ್ಟು ಬೀಸಲು ಬರುವುದಿಲ್ಲ, ಶುಕ್ರವಾರ ಮಾತ್ರ ತಪ್ಪದೆ ಬರುತ್ತದೆ. ಬುಧವಾರ ಸಂಜೆ ಅವನು ಮನೆಗೆ ಬಂದು ಕಂಬಕ್ಕೆ ಒರಗಿ ಕೂತ.

"ಗಿರಣಿ ಹೋತು," ಎಂದ. "ದಿಲ್ಲಿಗಿಂತ ಮ್ಯಾಲಿಂದ ಆರ್ಡರ್ ಬಂದದಂತ. ಪಂಚಮಿ ಆಗಿ ಮೂರು ದಿನಕ್ಕ ಖಾತಾ ಬಂದ್ ಮಾಡ್ಯಾರ."

ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ಗಯಾಬಾಯಿಯ ಕೈಯಲ್ಲಿ ಮೊರ ನಿಂತಿತು.

"ಯಾವತ್ತು ಅಂದೀ?"

"ಪಂಚಮಿ ಆಗಿ ಮೂರು ದಿನಕ್ಕ."

ಗಯಾಬಾಯಿ ಒಂದು ಹರಳು ಆರಿಸಿ ಒಗೆದಳು. ಇನ್ನೊಂದು ಆರಿಸಿದಳು. "ಕಾಶ್ಯಾ, ಪಂಚಮಿ ದಿನ ನೀ ಹಿತ್ತಲದಾಗ ಮಾರಿ ತೊಳಿಯೂ ಮುಂದ ನಿನ್ನ ತಲಿ ಮ್ಯಾಲೆ ಕಾಗಿ ಕುಂತಿತ್ತಲ್ಲ."

"ಕುಂತಿತ್ತು. ಹೊಡದು ಓಡಿಸಿದ್ನಿ."

"ಓಡಿಸಿದ್ರ ಆತೇನು? ನಾ ಅದಕ್ಕೊಂದು ಉಪಾಯ ಮಾಡೀನಿ."

ಉಪಾಯ ಆ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಕಾಗೆ ಯಾರ ತಲೆಯ ಮೇಲೆ ಕೂರುತ್ತದೋ ಅವರ ದಿನ ತುಂಬಿತೆಂದು ಅರ್ಥ. ತಪ್ಪಿಸಬೇಕಾದರೆ ಅವರಿಗೆ ಗೊತ್ತಾಗದಂತೆ ದೂರದ ಸಂಬಂಧಿಕರಿಗೆ, ಅವರು ಸತ್ತರೆಂದು ಸುಳ್ಳು ಸುದ್ದಿ ಕಳಿಸಬೇಕು. ಸಂಬಂಧಿಕರು ಎಷ್ಟು ಅಳುತ್ತಾರೋ ಅಷ್ಟು ಆಯುಷ್ಯ ಕೂಡುತ್ತದೆ. ಅತ್ತು ಮುಗಿಯುವ ಹೊತ್ತಿಗೆ, ಸತ್ತಿಲ್ಲ, ಸುಖವಾಗಿದ್ದಾರೆ ಎಂದು ಎರಡನೆಯ ಸುದ್ದಿ ಮುಟ್ಟಬೇಕು. ಗಯಾಬಾಯಿ ಪೋಸ್ಟಿನ ಕಟ್ಟೆಯ ಮೇಲೆ ಕಾಗದ ಬರೆದುಕೊಡುವವನಿಗೆ ಹೇಳಿ ಒಂದು ಕಾರ್ಡು ಬರೆಸಿ, ಸಾವಿನ ಕಾರ್ಡಿಗೆ ಮಾಡುವಂತೆ ಮೂಲೆ ಹರಿದು ಹಾಕಿಸಿದ್ದಳು. ಮರುದಿನ ಅರಿಷಿಣ ಹಚ್ಚಿದ ಎರಡನೆಯ ಕಾರ್ಡು.

"ಯಾರಿಗೆ ಹಾಕ್ಸಿದ್ರಿ?" ಎಂದಳು ಶೇವಂತಾಬಾಯಿ.

"ನಿನ್ನ ತಮ್ಮಗ."

"ನನ್ನ ತಮ್ಮನೇ ಸಿಕ್ನೇನು ಅತ್ತಿ? ನಿಮ್ಮ ತಮ್ಮ ಚಿಟಗುಪ್ಪದಾಗ ಅದಾನಲ್ಲ, ಅವನಿಗೆ ಹಾಕ್ಸಬೇಕಿತ್ತು."

"ಅವ ಅಳಾಂವಲ್ಲ. ನನ್ನ ಮದುವ್ಯಾಗ ನನ್ನ ಕಳಿಸೂ ಮುಂದನೂ ಅಳಲಿಲ್ಲ. ಹಣಮಂತಂದು ಅಳೂದು ಛಲೋ ಅದ, ಒಂದ ಕಾರ್ಡಿನ ಖರ್ಚಿನ್ಯಾಗ ಇಪ್ಪತ್ತು ವರ್ಷ ಸಿಗ್ತಾವ ಅಂತ ನೋಡ್ದೆ."

ಕಾಶಿರಾಮ ತನ್ನ ಕೈ ತಾನೇ ಚಿವುಟಿ ನೋಡಿಕೊಂಡ. ನೋವಾಯಿತು. ಆದರೂ ಬ್ಯಾಂಕಿಗೆ ಅದು ಸಾಕಾಗುತ್ತದೆಯೇ ಎಂಬ ಬಗ್ಗೆ ಅವನಿಗೆ ಸಂಶಯವಿತ್ತು.

ಗುರುವಾರ ಮೂವರೂ ಹುಮನಾಬಾದಿಗೆ ಹೊರಟರು. ತಾಯಿ, ಹೆಂಡತಿ, ನಡುವೆ ಸತ್ತವನು. ಬ್ಯಾಂಕಿನ ಬಾಗಿಲಲ್ಲಿ ಮೂವರನ್ನೂ ಒಟ್ಟಿಗೆ ಕಂಡ ಹಣಮಂತ, ಎಳೆಯಲು ತನಗಿರುವುದು ಎರಡೇ ಕೈ ಎಂದು ಅರಿತು, ಸ್ಟೂಲಿನ ಮೇಲೆ ಕುಸಿದ. ಅಕ್ಕ ಒಮ್ಮೆ ಕಣ್ಣು ಬಿಟ್ಟದ್ದೇ ತಡ, ಎಲ್ಲವನ್ನೂ ಒಪ್ಪಿಕೊಂಡ. ಮೊದಲ ಕಾರ್ಡು ಬ್ಯಾಂಕಿಗೇ ಬಂತು. ಅವನು ಲೆಡ್ಜರುಗಳ ಮೇಲೆ ಬಿದ್ದು ಅತ್ತ. ಮ್ಯಾನೇಜರ್ ಸಾಹೇಬರು ಕಾರ್ಡು ಇಸಿದುಕೊಂಡು ಖಾತೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಮೂರು ದಿನದ ರಜೆ ಕೊಟ್ಟು, ಮಣ್ಣಿನ ಖರ್ಚಿಗೆಂದು ತಮ್ಮ ಕಿಸೆಯಿಂದ ಹತ್ತು ರೂಪಾಯಿಯನ್ನೂ ಕೊಟ್ಟರು. ಮರುದಿನ ಬೆಳಿಗ್ಗೆ ಮಣ್ಣಿಗೆಂದು ಹೊರಟರೆ ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟಮನ್ ಸಿಕ್ಕು ಅರಿಷಿಣದ ಕಾರ್ಡು ಕೈಗಿಟ್ಟ.

"ಹಂಗಾರ ಅಲ್ಲಿಂದ್ಲೇ ತಿರುಗಿ ಬಂದು ಹೇಳೂದಲ್ಲ," ಎಂದ ಕಾಶಿರಾಮ.

"ಕೈಯಾಗ ಮೂರು ದಿನ ಸೂಟಿ ಇತ್ತು ಮಾಮಾ. ಹತ್ತು ರೂಪಾಯಿ ಇತ್ತು. ಮುಂದ ಗುಲ್ಬರ್ಗಾ ಬಸ್ ನಿಂತಿತ್ತು." ಹಣಮಂತ ತಲೆ ತಗ್ಗಿಸಿದ. "ಒಂದ ಸಿನೆಮಾ ಎರಡು ಸಲ ನೋಡಿ ಬಂದೆ. ಆಮ್ಯಾಲ ಹ್ಯಾಂಗ ಹೇಳಲಿ? ಎಮರ್ಜೆನ್ಸಿ ಅದ. ಸುಳ್ಳು ಸೂಟಿ ಅಂತ ನೌಕ್ರಿ ತಗೀತಾರ."

ಗದ್ದಲ ಕೇಳಿ ಮ್ಯಾನೇಜರು ಕೋಣೆಯಿಂದ ಹೊರಗೆ ಬಂದರು. ಉಡುಪಿ ಕಡೆಯವರು. ಬಂದು ನಾಲ್ಕು ತಿಂಗಳಾಗಿತ್ತು. ಈ ಸೀಮೆಯ ಕನ್ನಡ ಅರ್ಧ ತಿಳಿಯುತ್ತಿತ್ತು, ಈ ಸೀಮೆಯ ಕಾಗೆಗಳ ವಿಷಯ ಏನೇನೂ ತಿಳಿಯುತ್ತಿರಲಿಲ್ಲ.

"ಎಂತ ಇದು ಗಲಾಟೆ? ಇವರು ಯಾರು ಮಾರಾಯ್ರೇ?"

"ನಾ ಕಾಶಿರಾಮ್ರಿ. ಬಸವಕಲ್ಯಾಣ. ಹಗ್ಗದ ಅಂಗಡಿ."

ಮ್ಯಾನೇಜರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹಣಮಂತ ಅವರ ಕಾಲು ಹಿಡಿದು ಕಾಗೆಯಿಂದ ಸಿನೆಮಾದವರೆಗೆ ಎಲ್ಲ ಹೇಳಿದ. ಅವರು ಪೂರ್ತಿ ಕೇಳಿ ಕಾಶಿರಾಮನ ಕಡೆ ತಿರುಗಿದರು.

"ಅಲ್ಲ, ನಿಮಗೋಸ್ಕರ ನಾವು ಎರಡು ನಿಮಿಷ ಮೌನ ಆಚರಿಸಿದ್ದೇವೆ. ಕ್ಯಾಶ್ ಕೌಂಟರ್ ನಿಲ್ಲಿಸಿ. ಅದಕ್ಕೆ ನಾನೀಗ ಎಂತ ಮಾಡುವುದು?"

"ಮೌನ ಇರ್ಲಿ ಬಿಡ್ರಿ ಸಾಹೇಬ್ರ, ಮುಂದ ಜಮಾ ಹಿಡಕೊಳ್ರಿ. ಖಾತಾ ಬಿಚ್ಚಿ ಕೊಡ್ರಿ. ನಾಳಿ ಮಧ್ಯಾಹ್ನದೊಳಗ ಮೂರು ಸಾವಿರ ಇಲ್ಲಂದ್ರ ಗಿರಣಿ ಹೋಗ್ತದ."

"ಬಿಚ್ಚುವುದು ಹೇಗೆ? ನೀವು ಸತ್ತದ್ದು ಹುಬ್ಬಳ್ಳಿಗೆ ವರದಿ ಆಗಿದೆ. ಸಾಯಿಸುವುದು ಬ್ರ್ಯಾಂಚಿನ ಅಧಿಕಾರ. ಬದುಕಿಸುವುದು ಹುಬ್ಬಳ್ಳಿಯ ಅಧಿಕಾರ. ನಾನು ಬರೆಯುತ್ತೇನೆ. ಅವರು ವಿಚಾರಿಸುತ್ತಾರೆ. ಮೂರು ತಿಂಗಳಾದರೂ ಬೇಕು."

"ನಾ ನಿಮ್ಮ ಮುಂದ ನಿಂತೀನಲ್ರಿ."

"ನನ್ನ ಮುಂದೆ ನಿಂತರೆ ಸಾಕಾ? ಫೈಲಿನಲ್ಲಿ ನಿಲ್ಲಬೇಕು ಮಾರಾಯ್ರೇ."

ಕಾಶಿರಾಮ ಬೆಂಚಿನ ಮೇಲೆ ಕೂತ. ಅವನ ಮುಖ ನೋಡಿ ಮ್ಯಾನೇಜರಿಗೂ ಮರುಕ ಬಂತು. ಅಲ್ಲದೆ, ಮೂಲೆ ಹರಿದ ಒಂದು ಕಾರ್ಡು ನಂಬಿ ಗ್ರಾಹಕರನ್ನು ಸಾಯಿಸಿದ್ದು ಹುಬ್ಬಳ್ಳಿಗೆ ಗೊತ್ತಾದರೆ ತಮ್ಮ ಗತಿ ಏನು ಎಂಬ ಮರುಕವೂ ಅದರೊಳಗೆ ಕೂಡಿಕೊಂಡಿತು. ಅವರು ನಿಯಮದ ಪುಸ್ತಕ ತರಿಸಿ ಬೆರಳು ನೆಕ್ಕಿ ನೆಕ್ಕಿ ಹಾಳೆ ತಿರುವಿದರು.

"ಒಂದು ದಾರಿ ಉಂಟು. ಐದು ಸಾವಿರದ ಒಳಗಿನ ದುಡ್ಡನ್ನು ಮೃತರ ವಾರಸುದಾರರಿಗೆ ಕೊಡುವ ಅಧಿಕಾರ ನನಗೇ ಉಂಟು. ಇವತ್ತೇ ಕೊಡಬಹುದು. ಹೆಂಡತಿ ಬಂದಿದ್ದಾರಲ್ಲ. ಇಲ್ಲಿ, 'ಮೃತ ಕಾಶಿರಾಮನ ವಿಧವೆ' ಅಂತ ಉಂಟಲ್ಲ, ಅದರ ಕೆಳಗೆ ಒಂದು ಹೆಬ್ಬೆಟ್ಟು ಹಾಕಲಿ."

ಶೇವಂತಾಬಾಯಿ ತಲೆಯ ಮೇಲಿನ ಸೆರಗು ಬಿಗಿ ಮಾಡಿಕೊಂಡಳು.

"ಸಾಹೇಬ್ರ, ನಿಮ್ಮ ಮನ್ಯಾಗ ಹೆಣ್ಮಕ್ಕಳು ಅದಾರಿಲ್ಲೋ? ಹಣಿ ಮ್ಯಾಲೆ ಕುಂಕುಮ ಇಟ್ಕೊಂಡು, ಬಾಜೂಕ ಗಂಡನ್ನ ಕುಂದ್ರಿಸ್ಕೊಂಡು, ನಾ ಮುಂಡಿ ಅಂತ ಹೆಬ್ಬಟ್ಟು ಒತ್ತಲೇನು? ಗಿರಣಿ ಹಾಳಾಗಿ ಹೋಗ್ಲಿ. ನಡೀರಿ ಮನಿಗೆ."

"ಶೇವಂತೀ, ತಿಳ್ಕೊ," ಎಂದಳು ಗಯಾಬಾಯಿ. "ಸುಳ್ಳು ಸತ್ತಷ್ಟೂ ಆಯುಷ್ಯ ಹೆಚ್ಚಾಗ್ತದ. ಕಾರ್ಡಿಗೆ ಇಪ್ಪತ್ತು ವರ್ಷ ಬಂದಾವ. ಇದು ಸರಕಾರಿ ಕಾಗದ. ಇದರಾಗ ಸತ್ರ ನೂರಕ್ಕ ಕಮ್ಮಿ ಇಲ್ಲ."

"ನೂರು ಬರ್ಲಿ, ಇನ್ನೂರು ಬರ್ಲಿ. ನಾ ಒತ್ತೂದಿಲ್ಲ."

ಗಯಾಬಾಯಿ ಮ್ಯಾನೇಜರ ಕಡೆ ತಿರುಗಿದಳು. "ಸಾಹೇಬ್ರ, ಹಡದಾಕಿಗೆ ಹಕ್ಕ ಇಲ್ಲೇನ್ರಿ?"

"ಯಾಕಿಲ್ಲ? ತಾಯಿಗೂ ಪಾಲು ಉಂಟು. ಹೆಂಡತಿ ಬೇಡ ಅಂತ ಬಿಟ್ಟುಕೊಟ್ಟರೆ ಪೂರ್ತಿ ನಿಮಗೇ."

"ಹಂಗಾರ ತರ್ರಿ ಇಲ್ಲಿ. ಒಮ್ಮೆ ನಾನೇ ಸಾಯಿಸೀನಿ, ಇನ್ನೊಮ್ಮೆ ಏನ ಭಾರ. ಗಿರಣಿ ಕಾಗದ ನನ್ನ ಹೆಸರಿಗೇ ಬರಿಸ್ತೀನಿ. ಗಲ್ಲಾದ ಮ್ಯಾಲೆ ನಾನೇ ಕುಂದರ್ತೀನಿ. ಸೊಸಿ ಬೀಸಲಿ."

ಶೇವಂತಾಬಾಯಿ ಬಾಗಿಲ ತನಕ ಹೋಗಿದ್ದಳು. ಅಲ್ಲಿಯೇ ನಿಂತಳು. ಹದಿನಾಲ್ಕು ವರ್ಷ ಅತ್ತೆಯ ಕೈಯಿಂದ ಉಪ್ಪು, ಎಣ್ಣೆ, ಕಾಸು ಇಸಿದುಕೊಂಡು ಸಂಸಾರ ಮಾಡಿದ್ದವಳು ಅವಳು. ತಿರುಗಿ ಬಂದು, ಅತ್ತೆಯ ಕೈಯಡಿಯಿಂದ ಶಾಯಿಯ ಪ್ಯಾಡು ಎಳೆದುಕೊಂಡು, "ಎಲ್ಲಿ ಒತ್ತಬೇಕ್ರಿ?" ಎಂದಳು.

"ಇಲ್ಲಿ. ಒಂದು ಸಾಕು."

ಅವಳು ಎರಡು ಒತ್ತಿದಳು. ಪಕ್ಕದಲ್ಲಿ ಗಯಾಬಾಯಿಯೂ ಒತ್ತಿದಳು.

ಇನ್ನು ಮೃತನನ್ನು ಚೆನ್ನಾಗಿ ಬಲ್ಲ ಇಬ್ಬರು ಸಾಕ್ಷಿಗಳು ಬೇಕಾಗಿತ್ತು. ಹಣಮಂತ ಒಬ್ಬ. ಇನ್ನೊಬ್ಬರಿಗಾಗಿ ಮ್ಯಾನೇಜರು ಸುತ್ತ ನೋಡಿ, ಕಾಶಿರಾಮನ ಮೇಲೆ ಕಣ್ಣು ನಿಲ್ಲಿಸಿ, ಮತ್ತೆ ನಿಯಮದ ಪುಸ್ತಕ ನೋಡಿದರು. "ಮೃತರು ಸಾಕ್ಷಿ ಹಾಕಬಾರದು ಅಂತ ಎಲ್ಲಿಯೂ ಬರೆದಿಲ್ಲ," ಎಂದರು.

ಕಾಶಿರಾಮ ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸಿದ. ಮೃತನನ್ನು ಎಷ್ಟು ವರ್ಷದಿಂದ ಬಲ್ಲಿರಿ ಎಂಬಲ್ಲಿ ನಲವತ್ತೊಂದು ಎಂದು ಬರೆದ. ಮೃತನ ನಡತೆ ಎಂಬಲ್ಲಿ ಉತ್ತಮ ಎಂದು ಬರೆದ. ಕೆಳಗೆ ಎರಡು ಮೊಳದ ಸಹಿ ಮಾಡಿದ. ಮೂರು ಸಾವಿರದ ಇನ್ನೂರ ನಲವತ್ತು ರೂಪಾಯಿ ಎಣಿಸಿ, ಅರ್ಧರ್ಧ ಮಾಡಿ, ಇಬ್ಬರು ಹೆಂಗಸರ ಉಡಿಗೆ ಹಾಕಿದರು. ಸಾಕ್ಷಿದಾರನಿಗೆ ಒಂದು ಲೋಟ ನೀರು ಸಿಕ್ಕಿತು.

ಶುಕ್ರವಾರ ನಮಾಜ್ ಮುಗಿಸಿ ಬಂದ ಪೀರ್ ಪಾಷಾನ ಮುಂದೆ ಅತ್ತೆ ಸೊಸೆ ಇಬ್ಬರೂ ಗಂಟು ಬಿಚ್ಚಿದರು. ಕಾಗದದ ಮೇಲೆ ಯಾರ ಹೆಸರು ಎಂದು ಕೇಳಿದಾಗ ಇಬ್ಬರೂ ಒಂದೇ ಉಸಿರಿಗೆ "ನಂದು" ಎಂದರು. ಪೀರ್ ಪಾಷಾ ಇಬ್ಬರ ಹೆಸರನ್ನೂ ಬರೆಸಿ, ಕೀಲಿ ಇಬ್ಬರ ನಡುವಿನ ನೆಲದ ಮೇಲೆ ಇಟ್ಟು, ಬಸ್ಸಿಗೆ ಓಡಿದ. ಬಸವಣಪ್ಪ ಗಜಕಡ್ಡಿ ಕೆಳಗಿಟ್ಟ. ನಿಜ ಸಂಗತಿ ಭಾನುವಾರದೊಳಗೆ ಓಣಿಗೆ ತಿಳಿಯಿತು. ಸರುಬಾಯಿ ಎರಡೂ ಬಟ್ಟಲು ಸಕ್ಕರೆಯನ್ನು ಕೇಳಿ ಇಸಿದುಕೊಂಡಳು. ಗಣಪತಿ ಕಮಿಟಿಯವರು ಐನೂರಾ ಒಂದನ್ನು ಹೊಡೆದುಹಾಕಿ ನಾಲ್ಕಾಣೆ ಎಂದು ಬರೆದುಕೊಂಡರು.

ಗಿರಣಿ ನಡೆದೇ ನಡೆಯಿತು. ಗಯಾಬಾಯಿ ಗಲ್ಲಾದ ಮೇಲೆ, ಶೇವಂತಾಬಾಯಿ ತಕ್ಕಡಿಯ ಹತ್ತಿರ. ಒಬ್ಬಳ ಲೆಕ್ಕವನ್ನು ಇನ್ನೊಬ್ಬಳು ತಪಾಸಣೆ ಮಾಡುತ್ತಿದ್ದುದರಿಂದ ಒಂದು ಪೈಸೆಯೂ ಸೋರಲಿಲ್ಲ. ಡಬ್ಬಿ ಎತ್ತುವುದು, ಹಿಟ್ಟು ತುಂಬುವುದು ಕಾಶಿರಾಮನ ಪಾಲಿಗೆ ಬಂತು. ಸಂಜೆ ಹೊರಗೆ ಬಂದರೆ ತಲೆಯಿಂದ ಕಾಲಿನವರೆಗೆ ಬೆಳ್ಳಗಿರುತ್ತಿದ್ದ. ಅವನ ಸಾವಿನ ಸುದ್ದಿಯನ್ನಷ್ಟೇ ಕೇಳಿದ್ದ ಹಳ್ಳಿಯವರು ಒಂದಿಬ್ಬರು ಡಬ್ಬಿ ಬಿಟ್ಟು ಓಡಿದ್ದೂ ಉಂಟು.

ತಾನು ಬದುಕಿದ್ದೇನೆಂದು ಕಾಶಿರಾಮ ಹಾಕಿದ್ದ ಅರ್ಜಿಗೆ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಕಾಗದ ಬಂತು. ಕಾಶಿರಾಮ ಹಿಟ್ಟಿನ ಕೈ ಒರೆಸಿಕೊಂಡು ಓದಿದ. 'ತಾವು ಜೀವಂತರಾಗಿರುವುದಕ್ಕೆ ಈ ಕಚೇರಿಯ ಆಕ್ಷೇಪಣೆ ಇರುವುದಿಲ್ಲ. ಆದರೆ ಖಾತೆಯಲ್ಲಿ ಶಿಲ್ಕು ಇಲ್ಲದ ಕಾರಣ, ಐದು ರೂಪಾಯಿ ತುಂಬಿದ ದಿನದಿಂದ ತಮ್ಮನ್ನು ಜೀವಂತರೆಂದು ಪರಿಗಣಿಸಲಾಗುವುದು.'

ಅವನು ಕಾಗದ ಹಿಡಿದುಕೊಂಡು ಗಲ್ಲಾದ ಮುಂದೆ ನಿಂತ.

"ಯವ್ವಾ, ಐದು ರೂಪಾಯಿ ಬೇಕಾಗ್ಯಾದ."

"ಯಾತಕ್ಕ?"

"ಜೀವಂತ ಆಗಾಕ."

ಗಯಾಬಾಯಿ ಸೊಸೆಯ ಮುಖ ನೋಡಿದಳು. ಶೇವಂತಾಬಾಯಿ ಅತ್ತೆಯ ಮುಖ ನೋಡಿದಳು. ಗಿರಣಿ ಕೊಂಡ ದಿನದಿಂದ ಇಬ್ಬರಿಗೂ ಒಂದೇ ಅಭಿಪ್ರಾಯ ಬಂದದ್ದು ಅದೇ ಮೊದಲು.

"ಗಿರಣಿ ಬೆಲ್ಟ್ ಸವದದ," ಎಂದಳು ಶೇವಂತಾಬಾಯಿ.

"ಹೌದಪ್ಪಾ, ಮೊದ್ಲು ಬೆಲ್ಟ್ ಆಗ್ಲಿ," ಎಂದಳು ಗಯಾಬಾಯಿ ಗಲ್ಲಾ ಮುಚ್ಚುತ್ತ. "ನಿಂದೇನು ಅವಸರ ಅದ? ಯುಗಾದಿಗೆ ನೋಡೋಣು."